ಸೋಪಿನಲ್ಲಿ ಉಳಿಯುವ ಹಣ್ಣು, ಉಳಿಯದ ಹಣ್ಣು

ಸಾರು ಚೆಲ್ಲಿದ ಬಿಳಿ ಪಂಚೆಗೆ ಸೋಪು ತಿಕ್ಕಿ ನೋಡಿ. ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಮತ್ತೆ ಹಳದಿಗೆ ತಿರುಗಿ, ಎರಡು ಮೂರು ಒಗೆತಕ್ಕೆ ಮಾಸಿ ಹೋಗುತ್ತದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಗೆ ಕೆಂಪು ನೀರು ಮಾಡುವ ಹೆಂಗಸರಿಗೆ ಇದು ಹೊಸ ಸಂಗತಿಯಲ್ಲ. ಅರಿಸಿನದ ಬಣ್ಣ ಕ್ಷಾರ ತಾಗಿದರೆ ಬದಲಾಗುತ್ತದೆ, ಬೆಳಕು ತಾಗಿದರೆ ಮಾಸುತ್ತದೆ. ಕೈಯಲ್ಲಿ ಮಾಡುವ ಸೋಪಿಗೆ ಹಣ್ಣಿನ ಪುಡಿಯಿಂದ ಬಣ್ಣ ಕೊಡಲು ಹೊರಟವರು ತಿಳಿದಿರಬೇಕಾದದ್ದರಲ್ಲಿ ಅರ್ಧ ಇಷ್ಟೇ.

ಇನ್ನರ್ಧ, ಯಾವ ಹಣ್ಣು ಎಂಬ ಪ್ರಶ್ನೆ. ಸ್ಟ್ರಾಬೆರಿ ಪುಡಿ, ಡ್ರ್ಯಾಗನ್ ಫ್ರೂಟ್ ಪುಡಿ, ಬೀಟ್‌ರೂಟ್ ಪುಡಿ ಎಂದು ಚೆಂದದ ಪೊಟ್ಟಣಗಳು ಈಗ ಸುಲಭವಾಗಿ ಸಿಗುತ್ತವೆ. ಪೊಟ್ಟಣದ ಮೇಲೆ ಗುಲಾಬಿ ಬಣ್ಣದ ಸೋಪಿನ ಚಿತ್ರವೂ ಇರುತ್ತದೆ. ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಮನೆಯಲ್ಲೇ ಸೋಪು ಮಾಡಿ ನಾಲ್ಕು ಕಾಸು ಕಾಣೋಣ ಎಂದುಕೊಂಡವರು ಮೊದಲು ದುಡ್ಡು ಸುರಿಯುವುದೇ ಈ ಪೊಟ್ಟಣಗಳಿಗೆ. ಕೊಳ್ಳಬೇಡಿ ಎನ್ನುವುದು ನನ್ನ ಮಾತು. ನಮ್ಮ ಕೋಲಾರ ಜಿಲ್ಲೆಯಲ್ಲಿ ರಾಶಿ ಬೀಳುವ ಹಣ್ಣುಗಳೇ ಈ ಕೆಲಸಕ್ಕೆ ಅವಕ್ಕಿಂತ ಒಳ್ಳೆಯವು. ಇದು ಊರಿನ ಅಭಿಮಾನದ ಮಾತಲ್ಲ, ರಸಾಯನಶಾಸ್ತ್ರದ ಮಾತು.

ಸೋಪು ಎಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಆಗುವ ಲವಣ, ಜೊತೆಗೆ ಹುಟ್ಟುವ ಗ್ಲಿಸರಿನ್. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ, ಹರಳೆಣ್ಣೆಗೆ ಇನ್ನೂ ಸ್ವಲ್ಪ ಕಡಿಮೆ. ಚರ್ಮಕ್ಕೆ ಹಿತವಾಗಿರಲೆಂದು ಲೆಕ್ಕಕ್ಕಿಂತ ನೂರಕ್ಕೆ ಐದರಷ್ಟು ಕಾಸ್ಟಿಕ್ ಕಡಿಮೆ ಹಾಕಿ, ಅಷ್ಟು ಎಣ್ಣೆಯನ್ನು ಸೋಪಾಗದೆ ಉಳಿಸುವುದು ವಾಡಿಕೆ. 250 ಗ್ರಾಂ ಕೊಬ್ಬರಿ ಎಣ್ಣೆ, 200 ಗ್ರಾಂ ಕಡಲೆಕಾಯಿ ಎಣ್ಣೆ, 50 ಗ್ರಾಂ ಹರಳೆಣ್ಣೆ ತೆಗೆದುಕೊಂಡರೆ ಕಾಸ್ಟಿಕ್ ಸುಮಾರು 75 ಗ್ರಾಂ. ಅದನ್ನು 150 ಗ್ರಾಂ ನೀರಿನಲ್ಲಿ ಕರಗಿಸಬೇಕು. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಕಾಸ್ಟಿಕ್ಕಿಗೆ ಎಂದೂ ಸುರಿಯಬಾರದು, ಸಿಡಿಯುತ್ತದೆ. ಒಲೆಯಿಲ್ಲದೆಯೇ ಆ ನೀರು ಕುದಿಯುವ ಹತ್ತಿರಕ್ಕೆ ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಪಾತ್ರೆ, ಕೈಗವಸು, ಕಣ್ಣಿಗೆ ಕನ್ನಡಕ, ಮಕ್ಕಳು ಹತ್ತಿರ ಬಾರದ ಜಾಗ ಇವಿಷ್ಟೂ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಕ್ಷಾರದ ಜೊತೆ ಬದುಕುವುದು ಈ ಊರಿಗೆ ಹೊಸದೇನಲ್ಲ. ಕೆ.ಜಿ.ಎಫ್.ನಲ್ಲಿ ಅದಿರನ್ನು ಪುಡಿ ಮಾಡಿ ಚಿನ್ನ ತೆಗೆಯಲು ಬಳಸಿದ್ದು 1887ರಲ್ಲಿ ಸ್ಕಾಟ್ಲೆಂಡಿನವರು ಪೇಟೆಂಟ್ ಪಡೆದ ಸೈನೈಡ್ ವಿಧಾನ. ಆ ವಿಧಾನದಲ್ಲಿ ಪುಡಿಗೆ ಸುಣ್ಣ ಬೆರೆಸಿ ಕ್ಷಾರ ಏರಿಸಿಯೇ ಇಡಬೇಕು. ಹುಳಿಯ ಕಡೆ ಜಾರಿದರೆ ಸೈನೈಡ್ ವಿಷಗಾಳಿಯಾಗಿ ಹೊರಡುತ್ತದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಿನ್ನ ತೆಗೆದು ಉಳಿದ ಪುಡಿಯ ದಿಬ್ಬಗಳು ಹಾಗೇ ನಿಂತಿವೆ. ಅವುಗಳ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ, ಹಣ್ಣು ಒಣಗಿಸುವಾಗ.

ಕಾಸ್ಟಿಕ್ ನೀರನ್ನು ಎಣ್ಣೆಗೆ ಬೆರೆಸಿ ಬ್ಲೆಂಡರ್ ಆಡಿಸುತ್ತಾ ಹೋದರೆ ಮಿಶ್ರಣ ಗಟ್ಟಿಯಾಗುತ್ತಾ ಬರುತ್ತದೆ. ಸೌಟು ಎತ್ತಿದಾಗ ಬಿದ್ದ ಎಳೆ ಒಂದು ಕ್ಷಣ ಮೇಲೆಯೇ ನಿಲ್ಲುವ ಹದಕ್ಕೆ ಸೋಪು ಮಾಡುವವರು ಟ್ರೇಸ್ ಎನ್ನುತ್ತಾರೆ. ಪುಡಿ ಸೇರಿಸುವುದು ಆಗ. ಅಚ್ಚಿಗೆ ಸುರಿದ ಮೇಲೆ ಒಂದೆರಡು ದಿನದಲ್ಲಿ ಕಾಸ್ಟಿಕ್ಕಿನ ಬಹುಪಾಲು ಸೋಪಾಗಿ ಮುಗಿಯುತ್ತದೆ. ಆಮೇಲೆ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಜೋಡಿಸಿಟ್ಟರೆ ನೀರು ಆರಿ ಸೋಪು ಗಟ್ಟಿಯಾಗುತ್ತದೆ. ಪೂರ್ತಿ ಹದವಾದ ಸೋಪು ಕೂಡ ಕ್ಷಾರವೇ, ಅದರ ಪಿ.ಹೆಚ್. 9ರಿಂದ 10ರ ಆಸುಪಾಸು. ಹಾಗಾಗಿ ಹಣ್ಣಿನ ಬಣ್ಣ ಎರಡು ಪರೀಕ್ಷೆ ದಾಟಬೇಕು. ಮೊದಲು ಹಸಿ ಕಾಸ್ಟಿಕ್ಕಿನ ಉರಿ, ಆಮೇಲೆ ತಿಂಗಳುಗಟ್ಟಲೆ ಸೌಮ್ಯ ಕ್ಷಾರದೊಳಗಿನ ವಾಸ.

ಮೊದಲ ಪರೀಕ್ಷೆಯಲ್ಲೇ ಸೋಲುವವು ನೋಡಲು ಅತಿ ಚೆಂದವಾದ ಹಣ್ಣುಗಳು. ಸ್ಟ್ರಾಬೆರಿಯ ಕೆಂಪು, ನೇರಳೆಯ ನೇರಳೆ, ಕೋಲಾರ ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ಕಪ್ಪು, ಎಲ್ಲಕ್ಕೂ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಹುಳಿಯಲ್ಲಿ ಅದು ಕೆಂಪು, ನಡುವೆ ನೇರಳೆ, ಕ್ಷಾರ ಏರಿದಂತೆ ನೀಲಿ ಮತ್ತು ಹಸಿರು, ಇನ್ನೂ ಏರಿದರೆ ಹಳದಿಗೆ ತಿರುಗಿ ಒಡೆದುಹೋಗುತ್ತದೆ. ಸೋಪಿನಲ್ಲಿ ಕೊನೆಗೆ ಉಳಿಯುವುದು ಮಂಕು ಕಂದು. ನೇರಳೆ ಹಣ್ಣಿನ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಯಾರು ಬೇಕಾದರೂ ಮನೆಯಲ್ಲೇ ಈ ಆಟದ ಮೊದಲ ಅಂಕ ನೋಡಬಹುದು. ಬೀಟ್‌ರೂಟ್ ಮತ್ತು ಕೆಂಪು ಡ್ರ್ಯಾಗನ್ ಫ್ರೂಟ್‌ನದ್ದು ಬೀಟಾಲೈನ್ ಎಂಬ ಬೇರೆ ಕುಲ, ಆದರೆ ಹಣೆಬರಹ ಅದೇ. ಟ್ರೇಸ್ ಹದದಲ್ಲಿ ಮನಸೂರೆಗೊಳ್ಳುವ ಗುಲಾಬಿ, ಸ್ವಲ್ಪ ಹೊತ್ತಿನಲ್ಲೇ ಮಂಕು ಹಳದಿ ಕಂದು. ಪೊಟ್ಟಣದ ಮೇಲಿನ ಗುಲಾಬಿ ಸೋಪಿಗೆ ಬಣ್ಣ ಕೊಟ್ಟದ್ದು ಬೀಟ್‌ರೂಟ್ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮಂಜಿಷ್ಠದ ಬೇರಿರಬಹುದು, ಕೆಂಪು ಜೇಡಿಯಿರಬಹುದು, ಇಲ್ಲವೇ ಕೃತಕ ಬಣ್ಣ.

ನೆಲ್ಲಿಕಾಯಿ ಮತ್ತು ದಾಳಿಂಬೆ ಸಿಪ್ಪೆಯ ಒಗರು ಟ್ಯಾನಿನ್‌ನಿಂದ ಬಂದದ್ದು. ಕ್ಷಾರದಲ್ಲಿ ಟ್ಯಾನಿನ್ ಗಾಳಿ ಕುಡಿದು ಕಪ್ಪಾಗುತ್ತದೆ. ಸೋಪಿನಲ್ಲಿ ಅದು ಬೂದು ಕಂದು. ಕೆಟ್ಟ ಬಣ್ಣವೇನಲ್ಲ, ಆದರೆ ಹಸಿರು ನೆಲ್ಲಿಕಾಯಿ ಎಣಿಸಿದವರಿಗೆ ನಿರಾಸೆ.

ಉಳಿಯುವುದು ಕ್ಯಾರೊಟಿನಾಯ್ಡ್‌ಗಳ ಕುಲ. ಮಾವಿನ ಹಳದಿ, ಪಪ್ಪಾಯಿಯ ಕಿತ್ತಳೆ, ಟೊಮೆಟೊದ ಕೆಂಪು, ಕೆಂಪು ಮೆಣಸಿನಕಾಯಿಯ ಬಣ್ಣ. ಇವು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಸಾರಿನ ಮೇಲೆ ತೇಲುವ ಕೆಂಪು ಎಣ್ಣೆಯ ಗುಟ್ಟೂ ಇದೇ. ಕ್ಷಾರ ಇವನ್ನು ಅಷ್ಟು ಸುಲಭವಾಗಿ ಮುರಿಯಲಾರದು. ಸೋಪು ಮಾಡುವುದೇ ಎಣ್ಣೆಯಿಂದ, ಆದ್ದರಿಂದ ಬಣ್ಣಕ್ಕೆ ಸೇರಿಕೊಳ್ಳಲು ಮನೆಯೂ ಸಿದ್ಧವಿರುತ್ತದೆ. ಇವಕ್ಕೆ ದೊಡ್ಡ ಶತ್ರು ಬೆಳಕು.

ಈಗ ನಮ್ಮ ಜಿಲ್ಲೆಯ ಕಡೆ ತಿರುಗಿ. ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ, ಶ್ರೀನಿವಾಸಪುರದಲ್ಲಿ ಮಾವು. 2023ರ ಜುಲೈಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿಗೆ 2 ಸಾವಿರ ರೂಪಾಯಿ ದಾಟಿದ್ದನ್ನು ಈ ಜಿಲ್ಲೆ ಕಂಡಿದೆ. ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದೆ, ಅದನ್ನಂತೂ ಮತ್ತೆ ಮತ್ತೆ. 2025ರ ಜೂನ್‌ನಲ್ಲಿ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದೆಂದು ಚಿತ್ತೂರು ಜಿಲ್ಲಾಡಳಿತ ಗಡಿಯಲ್ಲಿ ತಡೆದಾಗ, ಆಚೆಯ ಪಲ್ಪ್ ಕಾರ್ಖಾನೆಗಳನ್ನೇ ನಂಬಿದ್ದ ಇಲ್ಲಿಯ ತೋಟಗಾರರು ಕಂಗಾಲಾದರು. ಹಾಗಾದರೆ ಸೋಪು ಇವರನ್ನು ಕಾಪಾಡುತ್ತದೆಯೇ? ಖಂಡಿತ ಇಲ್ಲ. ಲೆಕ್ಕ ಹಾಕಿ ನೋಡೋಣ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರು. ಒಂದು ಬಾಕ್ಸ್ ಒಣಗಿಸಿದರೆ ಕೈಗೆ ಸಿಗುವುದು 800 ಗ್ರಾಂ ಆಸುಪಾಸು ಪುಡಿ. ಅರ್ಧ ಕಿಲೋ ಎಣ್ಣೆಯ ಒಂದು ಪಾಕಕ್ಕೆ ಒಂದು ಚಮಚ, ಅಂದರೆ 5 ಗ್ರಾಂ ಪುಡಿ ಸಾಕು, ಅದರಿಂದ ಹಸಿಯಾಗಿದ್ದಾಗ 100 ಗ್ರಾಂ ತೂಗುವ ಏಳು ಸೋಪು ಆಗುತ್ತವೆ. ಒಂದೇ ಬಾಕ್ಸ್ ಟೊಮೆಟೊ ಸಾವಿರ ಸೋಪು ದಾಟಿಸುತ್ತದೆ. ರೈತನ ಬೆಲೆ ಕುಸಿತಕ್ಕೆ ಇದು ಮದ್ದಲ್ಲ, ಸೋಪು ಮಾಡುವವರಿಗೆ ಮಾತ್ರ ವರ್ಷದ ಬಣ್ಣ ಒಂದು ಬಾಕ್ಸಿನಲ್ಲಿ ಮುಗಿಯಿತು. ಹಣ್ಣಿನ ಮೌಲ್ಯವರ್ಧನೆ ಎಂದು ವೇದಿಕೆಯಲ್ಲಿ ಮಾತಾಡುವವರು ಈ ಚಮಚದ ಲೆಕ್ಕ ಮರೆಯುತ್ತಾರೆ.

ಟೊಮೆಟೊದ ಲೈಕೋಪೀನ್ ಹೆಚ್ಚಾಗಿರುವುದು ಸಿಪ್ಪೆಯಲ್ಲಿ. ಬೀಜ ಮತ್ತು ರಸ ತೆಗೆದು ಸಿಪ್ಪೆ ತಿರುಳು ಒಣಗಿಸಿ, ನುಣ್ಣಗೆ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಶೋಧಿಸಿಕೊಳ್ಳಿ. ಅದನ್ನು ನೇರವಾಗಿ ಸೋಪಿಗೆ ಹಾಕಬಹುದು. ಅದಕ್ಕಿಂತ ಒಳ್ಳೆಯ ದಾರಿ, ಪುಡಿಯನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಬಿಸಿನೀರಿನ ಪಾತ್ರೆಯೊಳಗಿಟ್ಟು ಒಂದೆರಡು ಗಂಟೆ ಕಾಯಿಸಿ ಸೋಸುವುದು. ಬಣ್ಣ ಎಣ್ಣೆಗಿಳಿಯುತ್ತದೆ, ಚರಟ ಬಟ್ಟೆಯಲ್ಲಿ ಉಳಿಯುತ್ತದೆ. ಆ ಎಣ್ಣೆಯಿಂದ ಮಾಡಿದ ಸೋಪಿಗೆ ಹದವಾದ ತಿಳಿ ಕಿತ್ತಳೆ ಬರುತ್ತದೆ. ಹಣ್ಣಿನ ಕೆಂಪನ್ನು ನಿರೀಕ್ಷಿಸಬೇಡಿ, ಸೋಪು ಯಾವ ಬಣ್ಣವನ್ನೂ ಸ್ವಲ್ಪ ಬಿಳುಪು ಬೆರೆಸಿಯೇ ತೋರಿಸುತ್ತದೆ.

ಮಾವಿನದ್ದು ಸ್ವಲ್ಪ ರಗಳೆ. ಹಣ್ಣಿನ ತಿರುಳು ಒಣಗಿಸಿದರೆ ಸಕ್ಕರೆಯ ದೆಸೆಯಿಂದ ಅಂಟಂಟಾಗಿ ಕೂರುತ್ತದೆ, ಮಿಕ್ಸಿಯಲ್ಲಿ ಪುಡಿಯಾಗುವುದಿಲ್ಲ. ಅಂಗಡಿಯ ಮಾವಿನ ಹಣ್ಣಿನ ಪುಡಿ ಪುಡಿಯಾಗಿಯೇ ಉದುರುತ್ತದಲ್ಲ ಎಂದರೆ, ಅದಕ್ಕೆ ಬಹಳ ಸಲ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟ ಬೆರೆಸಿರುತ್ತಾರೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ನೀವು ಮಾವಿಗೆ ಕೊಡುವ ದುಡ್ಡಿನಲ್ಲಿ ಎಷ್ಟು ಪಿಷ್ಟಕ್ಕೆ ಹೋಗುತ್ತದೆಂದು ತಿಳಿಯುತ್ತದೆ. ಅಡುಗೆಗೆ ಬಳಸುವ ಆಮ್‌ಚೂರ್ ಹಸಿ ಮಾವಿನಕಾಯಿಯದು, ಅದರಲ್ಲಿ ಹುಳಿ ಹೆಚ್ಚು, ಹಳದಿ ಇಲ್ಲವೆನ್ನುವಷ್ಟು ಕಡಿಮೆ. ಸೋಪಿಗೆ ಸರಿಯಾದದ್ದು ಚೆನ್ನಾಗಿ ಮಾಗಿದ ಹಣ್ಣಿನ ಸಿಪ್ಪೆ. ನಾವು ಬಿಸಾಡುವ ಭಾಗ. ಅದರಲ್ಲಿ ಸಕ್ಕರೆ ಕಡಿಮೆ, ನಾರು ಹೆಚ್ಚು, ಬಣ್ಣವೂ ಇದೆ, ಗರಿಗರಿಯಾಗಿ ಒಣಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ತೊಟ್ಟಿನ ಸೊನೆ ತಾಗಿ ತುಟಿಯ ಸುತ್ತ ಗುಳ್ಳೆ ಏಳುವವರು ಇದ್ದಾರೆ. ಸೊನೆ ಕುಡಿದ ಸಿಪ್ಪೆಯ ಪುಡಿ ಅಂಥವರ ಮೈಗೂ ಆಗದು. ಹಣ್ಣನ್ನು ಚೆನ್ನಾಗಿ ತೊಳೆದು, ತೊಟ್ಟಿನ ಕಡೆಯ ಸಿಪ್ಪೆ ಬಿಟ್ಟು ಉಳಿದದ್ದು ಬಳಸಿ. ಮಾರುವ ಸೋಪಾದರೆ ಅದರಲ್ಲಿ ಮಾವಿನ ಸಿಪ್ಪೆ ಇದೆ ಎಂದು ಬರೆಯಿರಿ.

ಒಣಗಿಸುವುದು ಎಲ್ಲಿ ಎಂಬುದು ಆಂಡರ್ಸನ್‌ಪೇಟೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಕೋಲಾರದ ಮಾವಿನ ಸುಗ್ಗಿ ತಡವಾಗಿ ಬರುತ್ತದೆ, ಜೂನ್ ಜುಲೈವರೆಗೂ ಎಳೆಯುತ್ತದೆ. ಅದೇ ಹೊತ್ತಿಗೆ ಆಷಾಢದ ಗಾಳಿ. ಸೈನೈಡ್ ದಿಬ್ಬಗಳ ಬೂದು ಬಣ್ಣದ ನುಣುಪು ಮಣ್ಣು ಗಾಳಿಗೆ ಎದ್ದು ಮನೆಗಳ ಮೇಲೆ ಬೀಳುವ ದೂರು ಇಲ್ಲಿ ಹಳೆಯದು. ತಾರಸಿಯ ಮೇಲೆ ಬಿಚ್ಚಿಟ್ಟ ತಟ್ಟೆಯಲ್ಲಿ ಹಣ್ಣು ಒಣಗಿಸಿ ಅದನ್ನು ಮೈಗೆ ಹಚ್ಚುವ ಸಾಮಾನಿಗೆ ಹಾಕಬಾರದು. ಮನೆಯೊಳಗೆ ಬಟ್ಟೆ ಮುಚ್ಚಿ, ಫ್ಯಾನಿನ ಗಾಳಿಗೆ ನೆರಳಲ್ಲಿ ಒಣಗಿಸುವುದು ಒಳ್ಳೆಯದು. ನೆರಳಿನಿಂದ ಇನ್ನೊಂದು ಲಾಭವೂ ಇದೆ, ಕ್ಯಾರೊಟಿನಾಯ್ಡ್ ಬಿಸಿಲಿಗೆ ಮಾಸುತ್ತದೆ ಎಂದೆನಲ್ಲ. ಬೇಸಿಗೆಯಲ್ಲಿ ಇಲ್ಲಿಯ ಒಣ ಹವೆಗೆ ಕಷ್ಟವಾಗದು.

ಬಣ್ಣದಷ್ಟೇ ಜನ ಕೇಳುವುದು ತರಿತರಿ, ಸ್ಕ್ರಬ್ ಎನ್ನುತ್ತಾರಲ್ಲ ಅದು. ಕಿತ್ತಳೆ ಸಿಪ್ಪೆಯ ಪುಡಿ ಇದಕ್ಕೆ ಹೆಸರುವಾಸಿ. ನುಣ್ಣಗಿದ್ದರೆ ತಿಳಿ ಕೆನೆ ಬಣ್ಣದ ಮೇಲೆ ಸಣ್ಣ ಚುಕ್ಕಿ, ದಪ್ಪಗಿದ್ದರೆ ಮೈ ಗೀರುವ ಚೂರು. ದಪ್ಪ ಚೂರಿಗೆ ಇನ್ನೊಂದು ಕೆಟ್ಟ ಗುಣವಿದೆ. ಸೋಪಿನೊಳಗೆ ಅದರ ಸುತ್ತ ಕಂದು ಬಣ್ಣ ಒಸರಿ ವರ್ತುಲ ಕಟ್ಟುತ್ತದೆ, ಒಂದು ತಿಂಗಳ ಮೇಲೆ ಸೋಪು ಕಲೆ ಬಿದ್ದಂತೆ ಕಾಣುತ್ತದೆ. ಗಸಗಸೆಗೆ ಈ ಕಾಟವಿಲ್ಲ. ಹಣ್ಣಿನ ಚೂರನ್ನು ಅಂದಕ್ಕೆಂದು ಸೋಪಿನ ಮೇಲೆ ಕೂರಿಸುವವರಿಗೂ ಒಂದು ಮಾತು: ಒಣಗಿದ ಕಿತ್ತಳೆ ಬಿಲ್ಲೆ ಚಿತ್ರಕ್ಕೆ ಚೆಂದ, ನೀರು ಬಿದ್ದ ಮೇಲೆ ಕಂದಾಗಿ ಲೋಳೆಯಾಗುತ್ತದೆ. ಉಜ್ಜಲು ಬೇಕೇ ಬೇಕು ಎಂದರೆ ಹಿತ್ತಲಿನ ಬಲಿತ ಹೀರೆಕಾಯಿಯ ನಾರಿನ ತುಂಡನ್ನು ಅಚ್ಚಿನಲ್ಲಿಟ್ಟು ಮೇಲೆ ಸೋಪು ಸುರಿಯಿರಿ. ಅದೂ ಹಣ್ಣಾಗಿ ಒಣಗಿದ ಕಾಯಿಯೇ, ಪುಡಿ ಮಾಡುವ ಕಷ್ಟವೂ ಇಲ್ಲ.

ಪುಡಿ ಜಾಸ್ತಿ ಹಾಕಿದರೆ ಬಣ್ಣ ಜಾಸ್ತಿ ಎಂದುಕೊಂಡು ಧಾರಾಳವಾಗಿ ಸುರಿಯುವವರು ಸಕ್ಕರೆಯನ್ನು ಮರೆಯಬಾರದು. ಹಣ್ಣಿನ ಸಕ್ಕರೆ ನೊರೆಗೆ ಒಳ್ಳೆಯದು, ಆದರೆ ಕ್ಷಾರ ಮತ್ತು ಬಿಸಿ ಸೇರಿದರೆ ತಾನೇ ಕಂದಾಗುತ್ತದೆ, ಪಾಕವನ್ನೂ ಬಿಸಿ ಮಾಡುತ್ತದೆ. ನೀರಿನ ಬದಲು ಹಣ್ಣಿನ ತಿರುಳನ್ನೇ ಹಾಕಿದವರ ಅಚ್ಚಿನಿಂದ ಸೋಪು ಉಬ್ಬಿ ಉಕ್ಕಿ ಹರಿಯುವುದುಂಟು. ಚಮಚ ಮೀರದಿದ್ದರೆ ಈ ತಾಪತ್ರಯವಿಲ್ಲ. ಪುಡಿಯನ್ನು ಒಣಗಿದಂತೆಯೇ ಎರಚದೆ, ಒಂದಷ್ಟು ಎಣ್ಣೆಯಲ್ಲಿ ಕಲಸಿ ಹಾಕಿದರೆ ಗಂಟು ಕಟ್ಟುವುದಿಲ್ಲ.

ಸೋಪಿನ ಬಣ್ಣಕ್ಕೆ ಇಷ್ಟು ಕಷ್ಟಪಡುವ ನಾವು ಹಣ್ಣಿನ ಹುಳಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಕಡೆ ಅದರ ಉಪಯೋಗ ಬಣ್ಣಕ್ಕಿಂತ ಹೆಚ್ಚು. ನಿತ್ಯ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು, ಆಳದ ಕೊಳವೆಬಾವಿಯ ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪನ್ನು ಹಿಡಿದು ಬಿಳಿಯ ಗಷ್ಟಾಗಿ ಬಕೆಟ್ಟಿಗೆ ಅಂಟಿಸುತ್ತವೆ, ನೊರೆ ಏಳಲು ಬಿಡುವುದಿಲ್ಲ. ನಿಂಬೆ ಉಪ್ಪು ಎಂದು ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ಸೋಪಿನ ಪಾಕಕ್ಕೆ ಸೇರಿಸಿದರೆ ಅದು ಕಾಸ್ಟಿಕ್ ಜೊತೆ ಕೂಡಿ ಸೋಡಿಯಂ ಸಿಟ್ರೇಟ್ ಆಗುತ್ತದೆ. ಸಿಟ್ರೇಟ್ ಆ ಕ್ಯಾಲ್ಸಿಯಮ್ಮನ್ನು ತಾನು ಹಿಡಿದುಕೊಂಡು ಸೋಪನ್ನು ಬಿಟ್ಟುಕೊಡುತ್ತದೆ. ಅರ್ಧ ಕಿಲೋ ಎಣ್ಣೆಗೆ 10 ಗ್ರಾಂ ಸಾಕು. ಆದರೆ ಆ 10 ಗ್ರಾಂ ಹುಳಿ ಸುಮಾರು 6.2 ಗ್ರಾಂ ಕಾಸ್ಟಿಕ್ ನುಂಗುತ್ತದೆ, ಅಷ್ಟನ್ನು ಹೆಚ್ಚಿಗೆ ತೂಗಿ ಹಾಕಬೇಕು. ಹಾಕದಿದ್ದರೆ ಸೋಪಾಗದ ಎಣ್ಣೆ ನೂರಕ್ಕೆ ಐದರಿಂದ ಹದಿಮೂರಕ್ಕೆ ಏರಿ ಸೋಪು ಮೆತ್ತಗಾಗುತ್ತದೆ, ಬೇಗ ಕಮಟುತ್ತದೆ. ಹುಣಿಸೆಹಣ್ಣಿನ ಟಾರ್ಟಾರಿಕ್ ಆಮ್ಲವೂ ಇದೇ ಜಾತಿಯ ಕೆಲಸ ಮಾಡುತ್ತದೆ, ಸಿಟ್ರಿಕ್‌ನಷ್ಟು ಚೆನ್ನಾಗಿ ಅಲ್ಲ, ಮೇಲೆ ಕಂದು ಬಣ್ಣ ಬೇರೆ. ನಿಂಬೆ ಉಪ್ಪು ಹಾಕಿದ ಸೋಪು ನೋಡಲು ಏನೂ ವಿಶೇಷವಿರದು. ಬಂಗಾರಪೇಟೆ ಪಾನಿಪುರಿಯ ಪಾನಿ ನೀರಿನಂತೆ ತಿಳಿಯಾಗಿರುತ್ತದೆ, ಅದನ್ನು ಸಪ್ಪೆ ಎಂದವರು ಯಾರೂ ಇಲ್ಲ.

ಬಣ್ಣದ ಹಂಬಲವಿಲ್ಲದೆ ಹೆಸರು ಮಾಡಿದ ಸೋಪಿಗೆ ದೂರ ಹುಡುಕಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ, 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಬೆಂಬಲ, ಇಂಗ್ಲೆಂಡಿನಲ್ಲಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕೈ. ಆ ಕಾರ್ಖಾನೆಯ ಸೋಪು ನೂರು ವರ್ಷ ದಾಟಿದ್ದು ಗಂಧದ ಪರಿಮಳದಿಂದ.

ಹಣ್ಣಿನ ಸೋಪಿನ ಹೆಸರಲ್ಲಿ ಹೇಳುವ ಸುಳ್ಳುಗಳ ಬಗ್ಗೆ ಎರಡು ಮಾತು. ವಿಟಮಿನ್ ಸಿ ಇದೆ ಎನ್ನುತ್ತಾರೆ. ಹಸಿ ಕಾಸ್ಟಿಕ್ಕಿನಲ್ಲಿ ಮುಳುಗಿದ ವಿಟಮಿನ್ ಸಿ ಉಳಿಯುವುದಿಲ್ಲ. ಪಪ್ಪಾಯಿಯ ಪಪೇನ್ ಸತ್ತ ಚರ್ಮ ತೆಗೆಯುತ್ತದೆ ಎನ್ನುತ್ತಾರೆ, ಅದೊಂದು ಕಿಣ್ವ, ಕಾಸ್ಟಿಕ್ ಅದನ್ನು ಮೊದಲೇ ಕೊಂದಿರುತ್ತದೆ. ಉಳಿಯುವ ಚೂರುಪಾರೂ ಎರಡು ನಿಮಿಷದಲ್ಲಿ ನೀರಿನ ಜೊತೆ ಮೋರಿಗೆ ಹೋಗುತ್ತದೆ. ಹಣ್ಣಿನ ಪುಡಿ ಮೈಗೆ ಹಚ್ಚುವ ಹಂಬಲವೇ ಇದ್ದರೆ ಸೀಗೆಕಾಯಿ, ಅಂಟುವಾಳಗಳಿವೆ. ಅವೂ ಕಾಯಿಗಳ ಪುಡಿಯೇ, ಅವುಗಳ ಸ್ಯಾಪೋನಿನ್ ಕಾಸ್ಟಿಕ್ ಇಲ್ಲದೆ ತಾನೇ ನೊರೆ ಕೊಡುತ್ತದೆ. ಅವನ್ನು ತಂದು ಸೋಪಿಗೆ ಬೆರೆಸಿ ಸೀಗೆ ಸೋಪು ಎಂದು ಮಾರುವುದು ನನಗೆ ಅರ್ಥವಾಗದ ವ್ಯಾಪಾರ.

ಕಾಸ್ಟಿಕ್ ಮುಟ್ಟಲು ಹೆದರುವವರು ಕರಗಿಸಿ ಸುರಿಯುವ ಸೋಪ್ ಬೇಸ್ ತಂದುಕೊಳ್ಳಬಹುದು. ಹಸಿ ಕಾಸ್ಟಿಕ್ಕಿನ ಘಟ್ಟ ಇಲ್ಲಿ ಮುಗಿದಿರುವುದರಿಂದ ಬಣ್ಣ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ. ಬೇಸ್ ತೀರಾ ಬಿಸಿಯಿದ್ದಾಗ ಪುಡಿ ಹಾಕಿದರೆ ತಳ ಹಿಡಿಯುತ್ತದೆ. ಆರುತ್ತಾ ಮಂದವಾಗುವಾಗ ಹಾಕಿ ಕಲಕಿದರೆ ಎಲ್ಲ ಕಡೆ ಹರಡುತ್ತದೆ. ಆದರೂ ಬೀಟ್‌ರೂಟ್ ಬೇಡ.

ಅಕ್ಕಪಕ್ಕದವರಿಗೆ ಕೊಡುವುದು ಬೇರೆ, ಮಾರುವುದು ಬೇರೆ. ಸೋಪು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗೆ ಬರುತ್ತದೆ. 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು, ಹೊದಿಕೆಯ ಮೇಲೆ ಏನೇನು ಹಾಕಿದೆ, ಯಾವ ವರ್ಷದ ಯಾವ ತಿಂಗಳು ಮಾಡಿದ್ದು ಎಂದು ಬರೆಯಬೇಕು. ಆ ಅರ್ಜಿ ಹಾಕುವ ಮುಂಚೆ ಮೊದಲ ಪಾಕದ ಒಂದು ಸೋಪನ್ನು ಎರಡು ತುಂಡು ಮಾಡಿ, ಒಂದನ್ನು ಕಿಟಕಿಯ ಬೆಳಕಿಗೆ, ಇನ್ನೊಂದನ್ನು ಬೀರುವಿನೊಳಗೆ ಎರಡು ತಿಂಗಳು ಇಡಿ. ಎರಡೂ ತುಂಡು ಜೊತೆಯಲ್ಲಿಟ್ಟಾಗ ಒಂದೇ ಸೋಪಿನದೆಂದು ಹೇಳುವಂತಿದ್ದರೆ ಮಾತ್ರ ಆ ಬಣ್ಣವನ್ನು ಗಿರಾಕಿಗೆ ತೋರಿಸಿ.